ನಾಲೆ ಮೊದಲು, ಸಂತೆ ಆಮೇಲೆ

ಥಾಯ್ಲೆಂಡಿನ ಹಳೇ ಅಳತೆಯಲ್ಲಿ ನಲವತ್ತು ಮೀಟರಿಗೆ ಒಂದು ಸೆನ್. ಡಮ್ನೆನ್ ಸದುವಾಕ್ ನಾಲೆ ತೋಡಿಸಿದವರು ನೂರು ಸೆನ್ನಿಗೊಂದರಂತೆ ದಂಡೆಯ ಮೇಲೆ ಕಲ್ಲು ನೆಡಿಸಿದರು. ಅಂದರೆ ನಾಲ್ಕು ಕಿಲೋಮೀಟರಿಗೆ ಒಂದು ಕಲ್ಲು. ನಾಲೆಯ ಉದ್ದ ಸುಮಾರು 32 ಕಿಲೋಮೀಟರು, ಕಲ್ಲುಗಳು ಎಂಟು. ಆ ದಂಡೆಯಲ್ಲಿ ಹುಟ್ಟಿಕೊಂಡ ಎಷ್ಟೋ ಊರುಗಳಿಗೆ ಬೇರೆ ಹೆಸರು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಲಾಕ್ ಸೊಂಗ್, ಲಾಕ್ ಸಾಮ್, ಲಾಕ್ ಹಾ: ಎರಡನೇ ಕಲ್ಲು, ಮೂರನೇ ಕಲ್ಲು, ಐದನೇ ಕಲ್ಲು. ನೀರಾವರಿ ಇಲಾಖೆಯಲ್ಲಿ ಸರ್ವೀಸಿನ ಬಹುಪಾಲನ್ನು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಸವೆಸಿದ ನನಗೆ ಇದಕ್ಕಿಂತ ಚೆಂದದ ಊರಿನ ಹೆಸರುಗಳು ಬೇಕಿಲ್ಲ. ಮದ್ದೂರಿನ ಕಡೆ ನಮ್ಮ ನೀರುಗಂಟಿಗಳೂ ಊರಿನ ಹೆಸರು ಕೇಳುತ್ತಿರಲಿಲ್ಲ. "ಎಷ್ಟನೇ ಮೈಲಿ, ಯಾವ ತೂಬು ಸ್ವಾಮಿ?" ಅಷ್ಟೇ ಕೇಳುತ್ತಿದ್ದರು.

ಬ್ಯಾಂಕಾಕಿನ ಹೋಟೆಲಿನಲ್ಲಿ ನಮಗೆ ಕೊಟ್ಟ ಕರಪತ್ರದಲ್ಲಿ ಕಲ್ಲಿನ ಮಾತಿರಲಿಲ್ಲ, ನಾಲೆಯ ಮಾತೂ ಇರಲಿಲ್ಲ. ಹುಲ್ಲಿನ ಬುಟ್ಟಿಯಂಥ ಟೊಪ್ಪಿಗೆ ಹಾಕಿದ ಹೆಂಗಸು, ದೋಣಿ ತುಂಬ ಮಾವಿನ ಹಣ್ಣು, ಕೆಳಗೆ 'ಶತಮಾನಗಳಿಂದ ಬದಲಾಗದ ತೇಲುವ ಮಾರುಕಟ್ಟೆ, ಅರ್ಧ ದಿನದ ಪ್ರವಾಸ, ಗೈಡ್ ಸಹಿತ' ಎಂಬ ಸಾಲು. ಮಗಳು ಫೋನಿನಲ್ಲೇ ಬುಕ್ ಮಾಡಿದಳು. ಶತಮಾನಗಳಿಂದ ಎಂಬ ಮಾತನ್ನು ನಾನು ಅಲ್ಲೇ ಪೆನ್ಸಿಲಿನಿಂದ ಗೀಟು ಹಾಕಿ ಗುರುತು ಮಾಡಿಕೊಂಡೆ. ಇಲಾಖೆಯವರ ಚಟ. ಈ ನಾಲೆಗೆ ಮೊದಲ ಗುದ್ದಲಿ ಬಿದ್ದದ್ದು 1866ರಲ್ಲಿ, ನೀರು ಹರಿದದ್ದು 1868ರಲ್ಲಿ. ಬೆಂಗಳೂರು ದಂಡಿಗೆ ಮದರಾಸಿನ ರೈಲು ಬಂದದ್ದು 1864ರ ಆಗಸ್ಟಿನಲ್ಲಿ. ನಮ್ಮ ಕಂಟೋನ್ಮೆಂಟ್ ಸ್ಟೇಷನ್ನಿಗಿಂತ ಚಿಕ್ಕ ವಯಸ್ಸಿನ ನಾಲೆ ಇದು. ನಾಲೆ ಇಲ್ಲದೆ ಅದರ ಮೇಲಿನ ಸಂತೆ ಎಲ್ಲಿಂದ ಬರಬೇಕು? ಪುರಾತನ ಸಂಪ್ರದಾಯ ಎಂದುಕೊಂಡು ಜನ ನೋಡಲು ಹೋಗುವುದು ಒಂದು ಸರ್ಕಾರಿ ಕಾಮಗಾರಿಯ ಫಲವನ್ನು. ಅದರಿಂದ ನೋಟದ ಬೆಲೆಯೇನೂ ಕಡಿಮೆಯಾಗುವುದಿಲ್ಲ. ನನಗಂತೂ ಹೆಚ್ಚೇ ಆಯಿತು.

ಕಾಮಗಾರಿ ಯಾಕೆ ಬೇಕಾಯಿತು ಎಂಬುದಕ್ಕೆ ಭೂಪಟ ನೋಡಬೇಕು. ಚಾವೊ ಫ್ರಾಯಾ, ಥಾ ಚಿನ್, ಮೇ ಕ್ಲೋಂಗ್ ಎಂಬ ಮೂರು ನದಿಗಳು ಉತ್ತರದಿಂದ ದಕ್ಷಿಣಕ್ಕೆ ಅಕ್ಕಪಕ್ಕದಲ್ಲಿ ಹರಿದು ಥಾಯ್ ಕೊಲ್ಲಿಗೆ ಸೇರುತ್ತವೆ. ಚಾವೊ ಫ್ರಾಯಾ ದಂಡೆಯಲ್ಲಿ ಬ್ಯಾಂಕಾಕ್. ಪಶ್ಚಿಮದ ಎರಡು ನದಿಗಳ ನಡುವೆ, ಅದರಾಚೆ ರಾಚಬುರಿಯವರೆಗೆ, ಒಳ್ಳೆಯ ಎರೆಮಣ್ಣಿನ ಜಮೀನು. ಅಲ್ಲಿನ ಸರಕು ರಾಜಧಾನಿಗೆ ಬರಬೇಕಾದರೆ ಸೊಟ್ಟಂಬಟ್ಟ ಹಳ್ಳಗಳಲ್ಲಿ ಹೂಳು ತಳ್ಳಿಕೊಂಡು ಬರಬೇಕು, ಇಲ್ಲವೇ ನದಿ ಇಳಿದು ಸಮುದ್ರದ ಅಂಚಿಗೆ ಹೋಗಿ ಸುತ್ತಿ ಬರಬೇಕು. ಮೂರು ನದಿಗಳನ್ನು ಪೂರ್ವ-ಪಶ್ಚಿಮವಾಗಿ ಕತ್ತರಿಸಿ ಜೋಡಿಸಿದರೆ ದಾರಿ ಅರ್ಧಕ್ಕರ್ಧ ಉಳಿಯುತ್ತದೆ. ಇದು ಎಲ್ಲ ಕಾಲಕ್ಕೂ ಗೊತ್ತಿದ್ದ ಸಂಗತಿಯೇ. ಆದರೆ ತೋಡುವ ತುರ್ತು ಹುಟ್ಟಿದ್ದು 1855ರ ನಂತರ. ಆ ವರ್ಷ ಹಾಂಗ್‌ಕಾಂಗಿನ ಗವರ್ನರ್ ಸರ್ ಜಾನ್ ಬೌರಿಂಗ್ ಬಂದು ಸಯಾಮಿನ ದೊರೆ ಮೊಂಗ್‌ಕುಟ್ ಜೊತೆ ಒಪ್ಪಂದ ಮಾಡಿಕೊಂಡ. ಆಮದಿನ ಸುಂಕ ನೂರಕ್ಕೆ ಮೂರಕ್ಕಿಂತ ಹೆಚ್ಚು ಹಾಕುವಂತಿಲ್ಲ, ರಫ್ತಿಗೆ ಬಾಗಿಲು ತೆರೆದಿರಬೇಕು. ಅಕ್ಕಿಗೂ ಸಕ್ಕರೆಗೂ ಹೊರಗಿನಿಂದ ಬೇಡಿಕೆ ಬಂತು. ಥಾ ಚಿನ್ ಕಣಿವೆಯಲ್ಲಿ ಚೀನೀ ಒಕ್ಕಲಿಗರು ಕಬ್ಬು ಬೆಳೆದು ಗಾಣ ಹಾಕಿದ್ದ ಕಾಲ ಅದು. ಸಕ್ಕರೆ ದಾರಿಗಾಗಿ ಕಾಯುತ್ತಿತ್ತು.

ಒಪ್ಪಂದದಿಂದ ಸುಂಕದ ಆದಾಯಕ್ಕೆ ಮೂಗುದಾರ ಬಿದ್ದಿತ್ತಲ್ಲ, ದುಡ್ಡು ಎಲ್ಲಿಂದ? ಅಫೀಮು, ಸಾರಾಯಿ, ಜೂಜು, ಲಾಟರಿಗಳ ಗುತ್ತಿಗೆಯಿಂದ. ಬ್ಯಾಂಕಾಕಿನಿಂದ ಥಾ ಚಿನ್ ನದಿಯವರೆಗಿನ ಮೊದಲ ತುಂಡು, ಫಾಸಿ ಚರೆನ್ ನಾಲೆ, ತೋಡಿಸಿದವನು ಅಫೀಮು ತೆರಿಗೆಯ ಗುತ್ತಿಗೆದಾರ. ಸರ್ಕಾರಕ್ಕೆ ಕಟ್ಟಬೇಕಾದ ಅಫೀಮಿನ ದುಡ್ಡನ್ನೇ ಮಣ್ಣು ಕೆಲಸಕ್ಕೆ ತಿರುಗಿಸಿದ. ಅಬ್ಕಾರಿ ದುಡ್ಡಿನಿಂದ ಖಜಾನೆ ತುಂಬಿ, ಆ ಖಜಾನೆಯಿಂದ ರಸ್ತೆ-ಸೇತುವೆ ಆಗುವುದನ್ನು ಸರ್ವೀಸಿನುದ್ದಕ್ಕೂ ನೋಡಿದವನು ನಾನು. ಮೂಗು ಮುರಿಯುವ ಹಕ್ಕು ನನಗಿಲ್ಲ. ಥಾ ಚಿನ್‌ನಿಂದ ಮೇ ಕ್ಲೋಂಗ್‌ವರೆಗಿನ ಎರಡನೇ ತುಂಡೇ ನಮ್ಮ ಡಮ್ನೆನ್ ಸದುವಾಕ್. ಅದರ ಹೊಣೆ ಹೊತ್ತವನು ಚುವಾಂಗ್ ಬುನ್ನಾಗ್. ಇತಿಹಾಸದ ಪುಸ್ತಕಗಳಲ್ಲಿ ಸೀ ಸುರಿಯವೊಂಗ್ ಎಂಬ ಬಿರುದಿನಿಂದ ಕಾಣುವ ಮಂತ್ರಿ. ಪರ್ಷಿಯಾದ ಕೋಮ್ ಪಟ್ಟಣದಿಂದ ಅಯುತ್ಥಯಕ್ಕೆ ವ್ಯಾಪಾರಕ್ಕೆಂದು ಬಂದ ಶೇಖ್ ಅಹ್ಮದನ ವಂಶದವನು. ಮೊಂಗ್‌ಕುಟ್ ಕಾಲದಲ್ಲಿ ದೊರೆಯ ನಂತರದ ಮಾತು ಇವನದೇ.

ಇಲ್ಲೊಂದು ಅಡ್ಡಮಾತು. ನಾಲೆ ಮುಗಿದ ಅದೇ 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣವಾಯಿತು. ಖಗೋಳ ಗಣಿತ ಬಲ್ಲ ಮೊಂಗ್‌ಕುಟ್ ತಾನೇ ಲೆಕ್ಕ ಹಾಕಿ, ಗ್ರಹಣ ನೋಡಲು ದಕ್ಷಿಣದ ವಾ ಕೋ ಎಂಬ ಕಾಡು ಹಳ್ಳಿಗೆ ಪರಿವಾರ ಸಮೇತ ಹೋದ. ಸೀ ಸುರಿಯವೊಂಗ್ ಕೂಡ ಜೊತೆಗಿದ್ದ. ಲೆಕ್ಕ ಸರಿಯಾಗಿತ್ತು, ಆದರೆ ಸೊಳ್ಳೆಗಳ ಲೆಕ್ಕ ಯಾರೂ ಹಾಕಿರಲಿಲ್ಲ. ಮಲೇರಿಯಾ ಹತ್ತಿ ಅಕ್ಟೋಬರ್ 1ರಂದು ದೊರೆ ತೀರಿಕೊಂಡ. ಹದಿನೈದು ವರ್ಷದ ಮಗ ಚುಲಾಲೊಂಗ್‌ಕೊರ್ನ್ ಪಟ್ಟಕ್ಕೆ ಬಂದ, ಸೀ ಸುರಿಯವೊಂಗ್ ರಾಜಪ್ರತಿನಿಧಿಯಾದ. ಅದೇ ಗ್ರಹಣದ ನೆರಳು ವಾ ಕೋ ತಲುಪುವ ಮೊದಲು ನಮ್ಮ ಜಮಖಂಡಿಯ ಮೇಲೆ ಹಾದುಹೋಗಿತ್ತು. ಅಲ್ಲಿ ದೂರದರ್ಶಕ ಹೂಡಿಕೊಂಡು ಕೂತಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಗ್ರಹ ಕಂಡುಹಿಡಿದ ಹರ್ಷೆಲನ ಮೊಮ್ಮಗ. ಜಮಖಂಡಿಯಲ್ಲಿ ಕೆಲವು ಕಾಲ ಕೆಲಸ ಮಾಡಿದ್ದ ನನಗೆ ಇದು ತಿಳಿದ ಮೇಲೆ ಸಯಾಮಿನ ಆ ದೊರೆ ಪರಕೀಯನೆನಿಸಲೇ ಇಲ್ಲ.

ಈಗ ವ್ಯಾನಿಗೆ ಬರೋಣ. ಬೆಳಿಗ್ಗೆ ಏಳಕ್ಕೆ ಹೋಟೆಲಿನ ಮುಂದೆ ಬಂತು. ಗೈಡ್ ಸಮುತ್ ಸೊಂಗ್‌ಖ್ರಾಮ್ ಜಿಲ್ಲೆಯ ಹೆಣ್ಣುಮಗಳು. ನನ್ನನ್ನು 'ಪಾಪಾ', ನನ್ನ ಹೆಂಡತಿಯನ್ನು 'ಮಾಮಾ' ಎಂದು ಕರೆದಳು. ಅಲ್ಲಿ ವಯಸ್ಸಾದ ಪ್ರವಾಸಿಗಳಿಗೆಲ್ಲ ಅದೇ ಹೆಸರು. ವ್ಯಾನು ಹಿಡಿದದ್ದು ಎರಡನೇ ರಾಮನ ಹೆಸರಿನ ಹೆದ್ದಾರಿಯನ್ನು. ಎರಡೂ ಕಡೆ ಉಪ್ಪಿನ ಗದ್ದೆಗಳು, ಗಾಳಿಯಂತ್ರಗಳು, ನಡುನಡುವೆ ಬಿಳಿಯ ಉಪ್ಪಿನ ರಾಶಿ. ಗೈಡ್ ಉಪ್ಪು ತೋರಿಸಿದಳು. ನಾನು ನೋಡುತ್ತಿದ್ದದ್ದು ರಸ್ತೆಯನ್ನು. 1973ರಲ್ಲಿ ಈ ರಸ್ತೆ ಓಡಾಟಕ್ಕೆ ತೆರೆದುಕೊಂಡಿತು. ಮಾಲು ಬ್ಯಾಂಕಾಕಿಗೆ ಹೋಗಲು ದೋಣಿಗೆ ಹಿಡಿಯುತ್ತಿದ್ದ ಒಂದಿಡೀ ರಾತ್ರಿ, ಲಾರಿಗೆ ಎರಡು ಗಂಟೆಗೆ ಇಳಿಯಿತು. ನಾಲೆಯ ಸಂತೆಯನ್ನು ಕೊಂದದ್ದು ಈ ರಸ್ತೆ. ನಮ್ಮನ್ನು ಆ ಸಂತೆಗೆ ಕರೆದೊಯ್ಯುತ್ತಿದ್ದದ್ದೂ ಅದೇ.

ದಾರಿಯಲ್ಲಿ ಮೇ ಕ್ಲೋಂಗ್ ಪಟ್ಟಣದ ರೈಲುಹಳಿಯ ಮಾರುಕಟ್ಟೆ. ರೈಲು ಬರುವಾಗ ಅಂಗಡಿಯವರು ನೆರಳಿನ ಬಟ್ಟೆ ಮಡಚುತ್ತಾರೆ, ಹೋದ ಕೂಡಲೇ ಬಿಚ್ಚುತ್ತಾರೆ. ನೂರಾರು ಫೋನುಗಳು ಮೇಲೇಳುತ್ತವೆ. 1905ರ ಸುಮಾರಿಗೆ ಮೀನು ಸಾಗಿಸಲೆಂದು ಹಾಕಿದ ಹಳಿ ಅದು. ಥಾ ಚಿನ್ ನದಿಗೆ ಸೇತುವೆ ಕಟ್ಟದೆ ನಡುವೆ ಹಾಗೇ ಬಿಟ್ಟಿರುವುದರಿಂದ, ಆ ಕಡೆಯ ತುಂಡು ದೇಶದ ಬೇರೆ ಯಾವ ಹಳಿಗೂ ಸೇರುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯುವಂಥದ್ದು ನನಗೆ ಅಲ್ಲಿ ಕಾಣಲಿಲ್ಲ.

ಹೊತ್ತು ಹೋದದ್ದೇ ಗೊತ್ತಾಗದ್ದು ತೆಂಗಿನ ಬೆಲ್ಲದ ಕೊಟ್ಟಿಗೆಯಲ್ಲಿ. ಪ್ರವಾಸಿಗಳಿಗೆಂದೇ ಇಟ್ಟದ್ದು, ನಿಜ. ಆದರೆ ಒಲೆ ನಿಜದ್ದು, ಪಾಕವೂ ನಿಜದ್ದು. ತೆಂಗಿನ ಹೊಂಬಾಳೆಯ ತುದಿ ಸವರಿ, ಬಿದಿರಿನ ಕೊಳವೆ ಕಟ್ಟಿ, ಬೆಳಿಗ್ಗೆ ಸಂಜೆ ಇಳಿಸುತ್ತಾರೆ. ಹುಳಿ ಬಾರದಿರಲೆಂದು ಕೊಳವೆಯೊಳಗೆ ಫಯೋಮ್ ಎಂಬ ಮರದ ಚಕ್ಕೆ ಹಾಕುತ್ತಾರೆ. ನಮ್ಮಲ್ಲಿ ಸುಣ್ಣ ಬಳಿಯುತ್ತಾರಲ್ಲ, ಆ ಕೆಲಸವನ್ನು ಅಲ್ಲಿ ಚಕ್ಕೆ ಮಾಡುತ್ತದೆ. ಸಾಲಾಗಿ ಹುಗಿದ ದೊಡ್ಡ ಬಾಣಲೆಗಳು, ಕೆಳಗೆ ತೆಂಗಿನ ಮೊಟ್ಟೆ, ಸೋಗೆಯ ಉರಿ. ಪಾಕ ಬಂದ ಮೇಲೆ ಇಳಿಸಿ, ಗಟ್ಟಿಯಾಗುವವರೆಗೂ ಕಡೆದು, ಅಚ್ಚಿಗೆ ಸುರಿಯುವುದು. ಮಂಡ್ಯದವನಿಗೆ ಆಲೆಮನೆಯ ವಾಸನೆ ಬಂದರೆ ಕಾಲು ಮುಂದಕ್ಕೆ ಹೋಗುವುದಿಲ್ಲ. ಪಾಕದ ಹದವನ್ನು ಆ ಹೆಂಗಸು ನೊರೆ ನೋಡಿಯೇ ಹೇಳುತ್ತಿದ್ದಳು. ನಮ್ಮೂರಿನಲ್ಲಿ ಬೆಲ್ಲ ಕಾಯಿಸುವವರು ಮಾಡುವುದೂ ಹಾಗೇ. ಮರ ಹತ್ತುವವರು ಸಿಗುತ್ತಿಲ್ಲ, ಮಕ್ಕಳು ಫ್ಯಾಕ್ಟರಿಗೆ ಹೋಗುತ್ತಾರೆ ಎಂದು ಗೈಡ್ ಮೂಲಕ ಹೇಳಿದಳು. ಇದನ್ನು ಉಡುಪಿಯ ಮೂರ್ತೆದಾರರ ಬಾಯಲ್ಲಿ ಬಹಳ ಹಿಂದೆಯೇ ಕೇಳಿದ್ದೆ.

ನಾಲೆ ತೋಡಿದ್ದು ಈ ಬೆಲ್ಲಕ್ಕಲ್ಲ, ಕಬ್ಬಿನ ಸಕ್ಕರೆಗೆ. ಆದರೆ ನಾಲೆ ಮುಗಿಯುವ ಹೊತ್ತಿಗೆ ಕಬ್ಬಿನ ಕಾಲ ಮುಗಿಯುತ್ತ ಬಂದಿತ್ತು. ಜಾವಾದ ಸಕ್ಕರೆಯೂ ಯುರೋಪಿನ ಬೀಟ್‌ರೂಟ್ ಸಕ್ಕರೆಯೂ ಸೇರಿ ಸಯಾಮಿನ ಗಾಣಗಳನ್ನು ನಿಲ್ಲಿಸಿದವು. ನಮ್ಮಲ್ಲಿ ಇದು ತಿರುಗುಮುರುಗು: ಆಗ ಇರ್ವಿನ್ ಹೆಸರಿನಲ್ಲಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಮಂಡ್ಯದಲ್ಲಿ ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು. ಅಲ್ಲಿ ಸಕ್ಕರೆಗೆಂದು ನಾಲೆ ಬಂತು, ಬಂದಾಗ ಸಕ್ಕರೆಯೇ ಹೊರಟುಹೋಗಿತ್ತು. ಯಾವ ಅಂದಾಜುಪಟ್ಟಿಯಲ್ಲೂ ಇಲ್ಲದ ಲಾಭ ಮಾತ್ರ ಉಳಿಯಿತು. ಮಣ್ಣು ಕೆಲಸಕ್ಕೆ ಬಂದವರು, ಅವರ ಹಿಂದೆ ಬಂದವರು ದಂಡೆಯಲ್ಲೇ ನೆಲೆಸಿದರು. ದೊಡ್ಡ ನಾಲೆಯಿಂದ ಎಡಕ್ಕೆ ಬಲಕ್ಕೆ ಕವಲು ತೋಡಿಕೊಂಡರು. ಅಂಥ ಕವಲುಗಳು ಇವತ್ತು ಇನ್ನೂರಕ್ಕೂ ಹೆಚ್ಚು. ಚೌಳು ನೆಲದಲ್ಲಿ ಹೇಗೆ ತೋಟ ಮಾಡಬೇಕೆಂಬುದು ದಕ್ಷಿಣ ಚೀನಾದಿಂದ ಬಂದ ತಿಯೋಚ್ಯೂ ಜನಕ್ಕೆ ಗೊತ್ತಿತ್ತು: ಉದ್ದುದ್ದ ಕಾಲುವೆ ತೆಗೆದು, ಆ ಮಣ್ಣನ್ನೇ ಪಕ್ಕಕ್ಕೆ ಎತ್ತರಿಸಿ ಮಡಿ ಕಟ್ಟುವುದು, ಮಡಿಯ ಮೇಲೆ ಮರ, ಸಾಲಿನಲ್ಲಿ ನೀರು, ನೀರಿನಲ್ಲಿ ಪುಟ್ಟ ದೋಣಿ. ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ. ಆಮೇಲೆ ತೆಂಗು, ಚಕ್ಕೋತ, ಪನ್ನೇರಳೆ, ಸೀಬೆ, ಮಾವು. ಮಡಿಯ ಸಾಲಿಗೆ ದೋಣಿ ಬರುತ್ತದೆ ಎಂದಾದರೆ ಗಾಡಿ ಯಾಕೆ, ಎತ್ತು ಯಾಕೆ? ಮರದ ಬುಡದಲ್ಲಿ ತುಂಬಿದ ಹಣ್ಣು ಅದೇ ದೋಣಿಯಲ್ಲಿ ಸಂತೆಗೆ ಹೋಗುತ್ತದೆ. ತೇಲುವ ಸಂತೆಯ ಗುಟ್ಟು ಇಷ್ಟೇ. ಅದೊಂದು ವಿಚಿತ್ರ ಹವ್ಯಾಸವಲ್ಲ. ಮಾಲನ್ನು ಇಳಿಸಿ ಮತ್ತೆ ಏರಿಸುವ ಕೂಲಿ ಉಳಿಸುವ ಉಪಾಯ.

ಕಟ್ಟೆಯಲ್ಲಿ ಉದ್ದಬಾಲದ ದೋಣಿ ಕಾಯುತ್ತಿತ್ತು. ಲಾರಿಯ ಇಂಜಿನ್ನನ್ನು ದೋಣಿಯ ಹಿಂಬದಿಯಲ್ಲಿ ಗೂಟದ ಮೇಲೆ ಕೂರಿಸಿ, ಅದರಿಂದ ಒಂದು ಉದ್ದ ಕಂಬಿ ಹೊರಡಿಸಿ, ಕಂಬಿಯ ತುದಿಗೆ ಪಂಖ. ಕಳೆ ಸಿಕ್ಕಿದರೆ ಪಂಖವನ್ನು ನೀರಿನಿಂದ ಎತ್ತಿಬಿಡಬಹುದು, ತಿರುಗಿಸಿದರೆ ಅದೇ ಚುಕ್ಕಾಣಿ. ಇಂಥ ಆಳವಿಲ್ಲದ ನಾಲೆಗೆ ಇದಕ್ಕಿಂತ ಜಾಣ ಯಂತ್ರವಿಲ್ಲ. ಆದರೆ ಅದು ಏಳಿಸುವ ಅಲೆ ದಂಡೆಯ ಮಣ್ಣನ್ನು ತಿನ್ನುತ್ತದೆ. ಅದಕ್ಕೇ ಉದ್ದಕ್ಕೂ ಕಾಂಕ್ರೀಟ್ ಗೋಡೆ. ಆ ಗೋಡೆ ನೋಡಿ ಮಗಳಿಗೆ ಬೇಜಾರು. ನನಗೆ ಮಾತ್ರ ಅಲ್ಲಿ ಇಲಾಖೆಯವರ ಕೈ ಕಂಡಿತು.

ನನ್ನ ತಲೆ ತಿಂದದ್ದು ಇನ್ನೊಂದು. ನಮ್ಮ ನಾಲೆ ಎಂದರೆ ಇಳಿಜಾರು. ಸಾವಿರ ಅಡಿಗೆ ಎಷ್ಟು ಇಂಚು ಎಂಬುದರ ಮೇಲೆ ಇಡೀ ಲೆಕ್ಕ ನಿಂತಿರುತ್ತದೆ. ನೀರು ಒಂದೇ ದಿಕ್ಕಿಗೆ, ಮೇಲಿನವನಿಂದ ಕೆಳಗಿನವನಿಗೆ. ಕೊನೆಯ ತೂಬಿನವನ ಶಾಪವನ್ನು ನಾನು ಸರ್ವೀಸಿಡೀ ಕೇಳಿದ್ದೇನೆ. ಇಲ್ಲಿ ಇಳಿಜಾರೇ ಇಲ್ಲ. ಸಮುದ್ರದ ಉಬ್ಬರ ಎರಡೂ ನದಿಗಳಲ್ಲಿ ಮೇಲೇರಿ ನಾಲೆಗೆ ಎರಡೂ ತುದಿಯಿಂದ ನುಗ್ಗುತ್ತದೆ, ಇಳಿತದಲ್ಲಿ ಎರಡೂ ಕಡೆಗೆ ಇಳಿಯುತ್ತದೆ. ಮೇಲಿನವನೂ ಇಲ್ಲ, ಕೊನೆಯವನೂ ಇಲ್ಲ. ಉಪ್ಪುನೀರು ತೋಟಕ್ಕೆ ಬಾರದಂತೆ, ದೋಣಿಗೆ ನೀರು ಉಳಿಯುವಂತೆ ಮಾಡಲು ಮೇ ಕ್ಲೋಂಗ್ ಕಡೆಯ ಬಾಂಗ್ ನೋಕ್ ಖ್ವೇಕ್‌ನಲ್ಲಿ ಆಮೇಲೆ ಗೇಟು ಕಟ್ಟಿದರು. "ಗೇಟು ನೋಡಿಕೊಂಡು ಬರಬಹುದೇ?" ಎಂದು ಗೈಡಿಗೆ ಕೇಳಿದೆ. ಅವಳು ಗಡಿಯಾರ ನೋಡಿದಳು. ನನ್ನ ಹೆಂಡತಿ, "ರೀ, ಇಲ್ಲಿಗೂ ಬಂದು ಇನ್‌ಸ್ಪೆಕ್ಷನ್ನಾ? ರಿಟೈರ್ ಆಗಿದ್ದೀರಿ," ಎಂದಳು.

ಉಬ್ಬರ-ಇಳಿತ ಇಲ್ಲಿನ ಸಂತೆಯ ಪಂಚಾಂಗವೇ ಆಗಿತ್ತು. ಹತ್ತಿರದ ಥಾ ಖಾ ಎಂಬಲ್ಲಿ ಈಗಲೂ ಶುಕ್ಲಪಕ್ಷ-ಕೃಷ್ಣಪಕ್ಷಗಳೆರಡರಲ್ಲೂ ಬಿದಿಗೆ, ಸಪ್ತಮಿ, ದ್ವಾದಶಿಗಳಂದು ನೀರಿನ ಮೇಲೆ ಸಂತೆ ಸೇರುತ್ತದೆ. ಜೊತೆಗೆ ಶನಿವಾರ-ಭಾನುವಾರ ಸೇರಿಸಿದ್ದಾರೆ, ಅದು ಪ್ರವಾಸಿಗಳಿಗೆ. ಆ ತಿಥಿಗಳಲ್ಲಿ ಬೆಳಗಿನ ಜಾವಕ್ಕೆ ನೀರು ಏರಿ ತೋಟದ ಸಾಲುಗಳಿಂದ ದೋಣಿ ಸುಲಭವಾಗಿ ಹೊರಡುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ. ನಮ್ಮ ಸಂತೆ ವಾರ ನೋಡುತ್ತದೆ, ಅವರದು ತಿಥಿ. ಐದು ದಿನಕ್ಕೊಮ್ಮೆ ಸರದಿ ಬರುವಂತೆ ಇಟ್ಟ ಈ ಲೆಕ್ಕ ನನ್ನ ಹೆಂಡತಿಗೆ ತಕ್ಷಣ ಹಿಡಿಸಿತು; ಏಕಾದಶಿ ಉಪವಾಸ ಮುಗಿದ ಮಾರನೇ ದಿನ ಹಣ್ಣು ತರಕಾರಿ ಸಂತೆ, ಅನುಕೂಲವೇ ಅಲ್ಲವೇ ಎಂದಳು.

ಡಮ್ನೆನ್ ಸದುವಾಕ್‌ನ ಹಳೆಯ ಸಂತೆ ಸೇರುತ್ತಿದ್ದದ್ದು ಈಗ ನಾವು ಇಳಿದ ಜಾಗದಲ್ಲಲ್ಲ, ಲಾತ್ ಫ್ಲಿ ಎಂಬ ಕವಲು ನಾಲೆಯ ಬಾಯಲ್ಲಿ. ದಂಡೆಯುದ್ದಕ್ಕೂ ಚೀನೀ ವರ್ತಕರ ಮರದ ಅಂಗಡಿ ಮನೆಗಳು. ಕೆಲವು ಇನ್ನೂ ನಿಂತಿವೆ. ತೋಟದ ಹೆಂಗಸರು ಕತ್ತಲಲ್ಲೇ ಹುಟ್ಟು ಹಾಕಿಕೊಂಡು ಬಂದು, ಸಗಟು ವ್ಯಾಪಾರಿಯ ದೊಡ್ಡ ದೋಣಿಗೆ ಮಾಲು ಸುರಿದು, ಅಕ್ಕಿ, ಉಪ್ಪು, ಮೀನಿನ ರಸ, ಬಟ್ಟೆ ಕೊಂಡು, ಬಿಸಿಲೇರುವ ಮೊದಲು ಮನೆ ಸೇರುತ್ತಿದ್ದರು. ಹೆಂಗಸರೇ ಯಾಕೆ ಎಂದರೆ, ಆ ದೇಶದಲ್ಲಿ ಸಣ್ಣ ವ್ಯಾಪಾರ ಹಿಂದಿನಿಂದಲೂ ಹೆಂಗಸರ ಕೈಯಲ್ಲಿದೆ. ಹಳೆಯ ಕಾಲದಲ್ಲಿ ಗಂಡಸರು ವರ್ಷಕ್ಕಿಷ್ಟು ತಿಂಗಳು ದೊರೆಯ ಬಿಟ್ಟಿ ಚಾಕರಿಗೆ ಹೋಗಬೇಕಿತ್ತು. ಮನೆ, ತೋಟ, ಸಂತೆ ಎಲ್ಲವೂ ಹೆಂಗಸರ ಪಾಲಿಗೆ ಬಂದದ್ದು ಹಾಗೆ.

ಈ ದಂಡೆಯ ಕತೆಗಳಲ್ಲಿ ನನಗೆ ತುಂಬ ಹಿಡಿಸಿದ್ದು 1904ರದು. ಚುಲಾಲೊಂಗ್‌ಕೊರ್ನ್ ದೊರೆಗೆ ಆಗಾಗ ಪರಿವಾರ ಬಿಟ್ಟು, ಸಾಮಾನ್ಯರ ಬಟ್ಟೆ ತೊಟ್ಟು, ಸಣ್ಣ ದೋಣಿಯಲ್ಲಿ ಸುತ್ತುವ ಖಯಾಲಿ. ತಮ್ಮ ದಮ್ರೊಂಗ್ ರಾಜಕುಮಾರ ಜೊತೆಗಿರುತ್ತಿದ್ದ. ಆ ವರ್ಷ ಹೀಗೇ ಈ ನಾಲೆಯಲ್ಲಿ ಬರುತ್ತ ಈರುಳ್ಳಿ ಬೆಳೆಯುವ ಫುಯೆಂಗ್ ಎಂಬ ಅಜ್ಜಿಯ ಕಟ್ಟೆಯಲ್ಲಿ ದೋಣಿ ನಿಲ್ಲಿಸಿದರು. ಅಜ್ಜಿ ಇವರನ್ನು ಅರಮನೆಯ ಊಳಿಗದವರೆಂದುಕೊಂಡು ಊಟಕ್ಕೆ ಕೂರಿಸಿದಳು. ದೊರೆ ಕೈಯಲ್ಲಿ ಉಣ್ಣುತ್ತಿದ್ದಾಗ ಅವಳ ಮಗ ಹುವಾತ್ ಒಮ್ಮೆ ಅತಿಥಿಯ ಮುಖ ನೋಡಿದ, ಒಮ್ಮೆ ಪೂಜೆಯ ಜಾಗದಲ್ಲಿಟ್ಟಿದ್ದ ದೊರೆಯ ಪಟ ನೋಡಿದ. ಅದೇ ಮುಖ ಎಂದು ಗೊತ್ತಾಗಿ ನೆಲಕ್ಕೆ ಬಗ್ಗಿ ನಮಸ್ಕಾರ ಮಾಡಿದ. ದೊರೆ ನಕ್ಕು, ಅವನನ್ನು ಅರಮನೆಯ ಸೇವಕರ ಪಟ್ಟಿಗೆ ಸೇರಿಸಿದನಂತೆ. ಮನೆ ಇನ್ನೂ ಇದೆ, ಹುವಾತ್‌ನ ಹೆಸರಿನಲ್ಲೇ. ಈ ಕತೆಯಲ್ಲಿ ಎಲ್ಲರೂ ದೊರೆಯ ಸರಳತೆಯನ್ನು ಹೊಗಳುತ್ತಾರೆ. ನನ್ನ ಕಣ್ಣು ಹೋಗುವುದು ಅಜ್ಜಿಯ ಕಡೆಗೆ. ನಾಲೆ ತೋಡಿ ಮೂವತ್ತಾರು ವರ್ಷಕ್ಕೆ, ವಲಸೆ ಬಂದವರ ಮನೆಯೊಂದು ಅರಮನೆಯ ಆಳುಗಳೆಂದು ತಿಳಿದ ಹಿಂಡನ್ನು ಕರೆದು ಹೊಟ್ಟೆ ತುಂಬ ಉಣ್ಣಿಸುವಷ್ಟು ಗಟ್ಟಿಯಾಗಿತ್ತು. ನೀರಾವರಿ ಕಾಮಗಾರಿಯ ಪ್ರಯೋಜನ ವರದಿ ಬರೆಯುವುದಾದರೆ ನಾನು ಆ ಊಟವನ್ನು ಅದರಲ್ಲಿ ಸೇರಿಸುತ್ತೇನೆ.

ಪ್ರವಾಸಿಗಳು ಇಲ್ಲಿಗೆ ಬಂದದ್ದು ತೀರ ಈಚೆಗೆ. ಅದಕ್ಕೂ ಮೊದಲು ತೇಲುವ ಸಂತೆ ಎಂದರೆ ಬ್ಯಾಂಕಾಕಿನದೇ. 1822ರಲ್ಲಿ ಕಂಪನಿ ಸರ್ಕಾರದ ರಾಯಭಾರಿಯಾಗಿ ಹೋದ ಜಾನ್ ಕ್ರಾಫರ್ಡ್, ನದಿಯ ಎರಡೂ ಅಂಚಿಗೆ ಬಿದಿರಿನ ತೆಪ್ಪಗಳ ಮೇಲೆ ಸಾಲುಸಾಲಾಗಿ ತೇಲುತ್ತಿದ್ದ ಮನೆ-ಅಂಗಡಿಗಳನ್ನು ನೋಡಿ ಬರೆದಿದ್ದಾನೆ. ವಿದೇಶಿ ಕಾನ್ಸಲರು ಕುದುರೆ ಸವಾರಿಗೆ ದಾರಿಯಿಲ್ಲವೆಂದು ದೂರಿದ ಮೇಲೆ, 1864ರಲ್ಲಿ ಚರೆನ್ ಕ್ರುಂಗ್ ರಸ್ತೆ ಸಿದ್ಧವಾಯಿತು. ಅಲ್ಲಿಂದ ಮುಂದೆ ಬ್ಯಾಂಕಾಕಿನ ಮುಖ ನಿಧಾನವಾಗಿ ನೀರಿನಿಂದ ರಸ್ತೆಯ ಕಡೆಗೆ ತಿರುಗಿತು. ಎರಡನೇ ಮಹಾಯುದ್ಧದ ನಂತರ ನಾಲೆಗಳನ್ನೇ ಮುಚ್ಚಿ ರಸ್ತೆ ಮಾಡಿದರು. ನದಿಯಾಚೆ ಥೊನ್‌ಬುರಿಯ ವಾಟ್ ಸಾಯ್ ದೇವಾಲಯದ ಮುಂದಿನ ಸಂತೆ ಮಾತ್ರ ಉಳಿದಿತ್ತು; ದೊಡ್ಡ ಹೋಟೆಲುಗಳು ತಮ್ಮ ಅತಿಥಿಗಳನ್ನು ಮೋಟಾರು ದೋಣಿಯಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದವು. ಮಾರುವವರಿಗಿಂತ ನೋಡುವವರು ಹೆಚ್ಚಾದರು, ಅಲೆಗೆ ಸಣ್ಣ ದೋಣಿಗಳು ಮಗುಚುವಂತಾಯಿತು, ಆ ಕಡೆಗೂ ರಸ್ತೆ ಬಂತು. ಆ ಸಂತೆ ಬಡವಾಗುತ್ತ ಬಂದಂತೆ, 1970ರ ದಶಕದ ಆರಂಭದಲ್ಲಿ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆ ನೂರು ಕಿಲೋಮೀಟರು ದೂರದ ಡಮ್ನೆನ್ ಸದುವಾಕ್ ಕಡೆಗೆ ಬೆರಳು ತೋರಿಸಿತು. ಲಾತ್ ಫ್ಲಿಯ ಸಂತೆ ತೋನ್ ಖೆಮ್ ಎಂಬ ಇನ್ನೊಂದು ಕವಲಿಗೆ ಸರಿಯಿತು, ರಸ್ತೆಗೆ ಹತ್ತಿರವಾಗಿ, ಬಸ್ಸು ನಿಲ್ಲಲು ಜಾಗವಿರುವಲ್ಲಿಗೆ. ಈಗ ಕರಪತ್ರದಲ್ಲಿ ಕಾಣುವ ಸಂತೆ ಅದೇ.

ಸಂತೆಯ ಗಡಿ ದಾಟುತ್ತಿದ್ದಂತೆ ದೋಣಿಗೆ ದೋಣಿ ತಾಗಿ ನಿಂತಿತು. ಮುಂದೆಯೂ ಪ್ರವಾಸಿ, ಹಿಂದೆಯೂ ಪ್ರವಾಸಿ. ದಂಡೆಯ ಅಂಗಡಿಯವರು ಕೊಕ್ಕೆ ಕಟ್ಟಿದ ಉದ್ದ ಗಳದಿಂದ ನಮ್ಮ ದೋಣಿಯನ್ನೇ ಎಳೆದುಕೊಂಡರು. ಆನೆ ಚಿತ್ರದ ಪ್ಯಾಂಟು, ಫ್ರಿಜ್ಜಿಗೆ ಅಂಟಿಸುವ ಗೊಂಬೆ, ಬೆನ್ನು ಉಜ್ಜಿದರೆ ವಟಗುಟ್ಟುವ ಮರದ ಕಪ್ಪೆ. ಬೆಲೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸುತ್ತಾರೆ, ನಾವು ಒತ್ತಿ ತೋರಿಸಬೇಕು. ಭಾಷೆ ಬೇಡದ ಚೌಕಾಸಿ. ಮೆಜೆಸ್ಟಿಕ್ಕಿನಲ್ಲಿ ತರಬೇತಿಯಾದ ನನ್ನ ಹೆಂಡತಿಯ ಮುಂದೆ ಅಂಗಡಿಯಾಕೆ ಕೈ ಮುಗಿದು ನಕ್ಕಳು. ಒಂದು ದೋಣಿಯೊಳಗೆ ಕುದಿಯುವ ಹಂಡೆಯಿಟ್ಟುಕೊಂಡ ಅಜ್ಜಿ ಶಾವಿಗೆ ಸಾರು ಬಡಿಸುತ್ತಿದ್ದಳು. ಮೀನಿನ ರಸ ಬೇಡ ಎಂದು 'ಜೇ, ಜೇ' ಎಂದು ಗೈಡ್ ಕಲಿಸಿದ ಮಾತನ್ನು ಮಗಳು ಹೇಳಿದಳು. ಅಜ್ಜಿ ತಲೆಯಾಡಿಸಿ, ಸಾರೇ ಬೇಡವೆಂದು ಮಾಡಿ, ಪಕ್ಕದ ದೋಣಿಯ ಮಾವು-ಅಂಟಕ್ಕಿ ಅನ್ನದ ಕಡೆ ಕೈ ತೋರಿದಳು. ವ್ಯಾಪಾರ ಬಿಟ್ಟುಕೊಟ್ಟಳು, ಸುಳ್ಳು ಹೇಳಲಿಲ್ಲ.

"ಅಪ್ಪಾ, ಇದೆಲ್ಲ ನಮಗೋಸ್ಕರ ಆಡೋ ನಾಟಕ," ಎಂದಳು ಮಗಳು. ಹೀಗೆ ಹೇಳುವವರು ಬಹಳ. ನನಗೆ ಹಾಗನಿಸಲಿಲ್ಲ. ಮಾವು ನಾಟಕದ್ದಲ್ಲ, ಹಿಂದಿನ ತೋಟದ್ದೇ. ದುಡ್ಡೂ ನಾಟಕದ್ದಲ್ಲ. ಮೊದಲು ಕೊಳ್ಳುವವನು ಬ್ಯಾಂಕಾಕಿನ ಸಗಟು ವ್ಯಾಪಾರಿ, ಈಗ ಕೊಳ್ಳುವವರು ಬೆಂಗಳೂರಿನಿಂದ, ಗುವಾಂಗ್‌ಝೌನಿಂದ ಬಂದವರು. ನಿಜವಾಗಿ ಬದಲಾದದ್ದು ಹೊತ್ತು. ಉಬ್ಬರ ನೋಡಿಕೊಂಡು, ತಿಥಿ ನೋಡಿಕೊಂಡು ಕತ್ತಲಲ್ಲಿ ಸೇರಿ ಬೆಳಕಿಗೆ ಚದುರುತ್ತಿದ್ದ ಸಂತೆ ಈಗ ದಿನವೂ ಸೇರುತ್ತದೆ, ಬ್ಯಾಂಕಾಕಿನ ವ್ಯಾನುಗಳು ಬರುವ ಒಂಬತ್ತಕ್ಕೆ ತುಂಬುತ್ತದೆ, ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗುತ್ತದೆ. ಚಂದ್ರನ ಕೈಯಲ್ಲಿದ್ದ ವೇಳಾಪಟ್ಟಿ ಹೋಟೆಲಿನ ತಿಂಡಿಯ ಕೈಗೆ ಬಂದಿದೆ. ಅರ್ಧ ದಿನದ ಪ್ರವಾಸ ಅರ್ಧ ದಿನದ್ದೇ ಆಗಿರುವುದು ಅದಕ್ಕೇ. ಕೊಂಡುಕೊಳ್ಳುವವನ ಹೊತ್ತಿಗೆ ಕಾಯದ ಸಂತೆ ಯಾವ ಊರಿನಲ್ಲಿ ಉಳಿದಿದೆ? ಮದ್ದೂರಿನ ಎಳನೀರು ಮಾರುಕಟ್ಟೆಯೂ ಹೆದ್ದಾರಿಯ ಲಾರಿಗೇ ಕಾಯುತ್ತದೆ.

ಹೋಗುವವರಿಗೆ ಎರಡು ಮಾತು. ಪಂಚಾಂಗ ನೋಡಿಕೊಂಡು ಬಿದಿಗೆಯೋ ಸಪ್ತಮಿಯೋ ದ್ವಾದಶಿಯೋ ಬಿದ್ದ ದಿನ ಥಾ ಖಾಗೆ ಹೋಗಿ, ಆದಷ್ಟು ಬೆಳಿಗ್ಗೆ. ಅಲ್ಲಿ ಕಪ್ಪೆಯ ಗೊಂಬೆ ಕಡಿಮೆ, ಹಾಗಲಕಾಯಿ ಹೆಚ್ಚು. ಡಮ್ನೆನ್ ಸದುವಾಕ್‌ಗೇ ಹೋಗುವುದಾದರೆ ಸಂತೆ ಸುತ್ತಿದ ಮೇಲೆ ದೋಣಿಯವನಿಗೆ ಇನ್ನೊಂದಿಷ್ಟು ಬಾಟ್ ಕೊಟ್ಟು ಹುವಾತ್‌ನ ಮನೆಯ ಕಡೆ, ದೊಡ್ಡ ನಾಲೆಗೆ ಬಿಡಲು ಹೇಳಿ. ಪ್ಯಾಕೇಜಿನಲ್ಲಿ ಅದು ಇರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಕವಲುಗಳ ಗಲಾಟೆ ದಾಟಿ ಹೊರಬಂದರೆ ನಾಲೆ ನೇರ. ಗೆರೆ ಎಳೆದಷ್ಟು ನೇರ. ದಂಡೆಯ ಮನೆಗಳ ಮುಂದೆ ಬಟ್ಟೆ ಒಗೆಯುವವರಿರುತ್ತಾರೆ, ತೆಂಗಿನಕಾಯಿ ತುಂಬಿದ ದೋಣಿಯೂ ಸಿಗಬಹುದು. ಕಲ್ಲು ಎಲ್ಲಿದೆ ಎಂದು ಕೇಳಿ; ನಮ್ಮ ದೋಣಿಯವನಿಗೆ ಗೊತ್ತಿತ್ತು.